ಕೆರೆಗೆ ಕೊಟ್ಟರು, ಆಮೇಲೆ ದೇವಿ ಮಾಡಿದರು

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡ ಓದುಗರ ಒಂದು ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಾಡುವಾಗ ಓಡಿಸಿಕೊಂಡು ಹೋದದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ದಯವಿಟ್ಟು ಮುಂದೆ ಬನ್ನಿ, ಮೊದಲ ಸಾಲಿನ ಕುರ್ಚಿಗಳು ಎಂದಿನ ಹಾಗೆ ಖಾಲಿ ಇವೆ.

ನನಗೆ ಕೊಟ್ಟ ವಿಷಯ 'ಕತ್ತಲ ಕತೆಗಳು'. ಈಗ ಇಂಥ ಕತೆಗಳದ್ದೇ ಕಾಲ. ಅಜ್ಜಿ ಹೇಳಿದ ಕತೆಯನ್ನು ತೆಗೆದುಕೊಳ್ಳುತ್ತಾರೆ. ಅದಕ್ಕೆ ಒಂದಿಷ್ಟು ಇತಿಹಾಸ, ಒಂದಿಷ್ಟು ದೇವರು ದೈವ ಸೇರಿಸುತ್ತಾರೆ. ರಕ್ತ ಚೆಲ್ಲಿ ದೊಡ್ಡವರಿಗಾಗಿ ಮತ್ತೆ ಹೇಳುತ್ತಾರೆ. ಪುಸ್ತಕದಲ್ಲಿ, ವೆಬ್ ಸೀರೀಸ್‌ನಲ್ಲಿ, ಆಡಿಯೋದಲ್ಲಿ, ಎಲ್ಲ ಕಡೆ ಇದೇ. ನಾನೂ ಓದುತ್ತೇನೆ, ನೋಡುತ್ತೇನೆ, ಕೆಲವು ಇಷ್ಟವೂ ಆಗಿವೆ. ಆದರೆ ನನ್ನದೊಂದು ತಕರಾರು ಇದೆ. ಹಳೆ ಕತೆ ಮೆತ್ತಗಿತ್ತು, ನಾವು ಅದನ್ನು ಕಪ್ಪಾಗಿಸಿದ್ದೇವೆ ಅಂತ ಇವರು ಹೇಳಿಕೊಳ್ಳುತ್ತಾರೆ. ನನಗೆ ಕಾಣುವುದು ಉಲ್ಟಾ. ಬಹಳ ಸಲ ಹಳೆಯದೇ ಹೆಚ್ಚು ಕಪ್ಪು. ಹೊಸದರಲ್ಲಿ ಒಬ್ಬ ಖಳನಾಯಕ ಸಿಕ್ಕಿಬಿಡುತ್ತಾನೆ. ಅವನು ಸಿಕ್ಕ ಕೂಡಲೇ ಉಳಿದವರೆಲ್ಲ ಬಚಾವ್.

ಇದನ್ನು ತೋರಿಸಲು ದೂರ ಹೋಗಬೇಕಿಲ್ಲ. 'ಕೆರೆಗೆ ಹಾರ' ಹಾಡು ಸಾಕು. ಇಲ್ಲಿ ಬೆಳಗಾವಿ, ವಿಜಯಪುರ, ಧಾರವಾಡ ಕಡೆಯವರು ಬಹಳ ಜನ ಇದ್ದೀರಿ. ಅಜ್ಜಿಯ ಬಾಯಲ್ಲಿ ಕೇಳದಿದ್ದರೂ ಶಾಲೆಯ ಪುಸ್ತಕದಲ್ಲಿ ಓದಿರುತ್ತೀರಿ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ. ಒಂದು ಹನಿ ನೀರು ಬರಲಿಲ್ಲ. ಪಂಚಾಂಗದ ಹೊತ್ತಿಗೆ ತೆಗೆಸಿ ಕೇಳಿದ. ಕೆರೆಗೆ ಹಾರ ಕೊಡಬೇಕು, ಅಂದರೆ ನರಬಲಿ ಕೊಡಬೇಕು ಅಂದರು. ಮನೆಯವರು ಕೂತು ಲೆಕ್ಕ ಹಾಕಿದರು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ನಡೆಸುವವರು ಯಾರು? ಕಿರಿಯವಳು ಭಾಗೀರಥಿ ಇದ್ದಾಳಲ್ಲ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದ. ಅವಳ ಪರವಾಗಿ ಬಾಯಿ ತೆರೆಯಬಹುದಾಗಿದ್ದವನು ಅವನೊಬ್ಬ, ಅವನೇ ಊರಲ್ಲಿ ಇಲ್ಲ.

ನೋಡಿ, ಇಲ್ಲಿ ರಾಕ್ಷಸ ಇಲ್ಲ. ಮಾಟಗಾತಿ ಇಲ್ಲ. ಅಮಾವಾಸ್ಯೆ, ಗೂಬೆ, ಹೊಗೆ ಏನೂ ಇಲ್ಲ. ಹಗಲು ಹೊತ್ತಿನಲ್ಲಿ, ಉಂಡ ಮನೆಯಲ್ಲಿ, ಚೆನ್ನಾಗಿ ಬಾಳಿದ ಜನ ಕೂತು ತೀರ್ಮಾನ ಮಾಡಿದರು ಅಷ್ಟೆ.

ಭಾಗೀರಥಿಗೆ ವಿಷಯ ಗೊತ್ತಾಗುತ್ತದೆ. ತವರಿಗೆ ಹೋಗುತ್ತಾಳೆ. ಯಾಕೆ ಮಗಳೇ ಕಣ್ಣಲ್ಲಿ ನೀರು ಅಂತ ಅಪ್ಪ ಕೇಳುತ್ತಾನೆ. ಅವಳು ನಿಜ ಹೇಳುವುದಿಲ್ಲ. ಅತ್ತೆ ಮಾವ ನನ್ನನ್ನು ಬೇರೆ ಇಡುತ್ತಾರಂತೆ ಅನ್ನುತ್ತಾಳೆ. ಇಟ್ಟರೆ ಇಡಲಿ ಬಿಡು, ಹೊಲ ಮನೆ ನಾನು ಕೊಡುತ್ತೇನೆ ಅನ್ನುತ್ತಾನೆ ಅಪ್ಪ. ಅವ್ವ ವಾಲೆಯ ಜೋಡು ಕೊಡುತ್ತೇನೆ ಅನ್ನುತ್ತಾಳೆ. ಸುಡು ನಿನ್ನ ಹೊಲಮನೆ, ಸುಡು ನಿನ್ನ ವಾಲೆ ಅಂತ ಎದ್ದು ಬರುತ್ತಾಳೆ. ಕೊನೆಗೆ ಗೆಳತಿಯ ಮನೆಗೆ ಹೋಗಿ ಅವಳೊಬ್ಬಳಿಗೆ ನಿಜ ಹೇಳುತ್ತಾಳೆ. ಆ ಗೆಳತಿ ಏನು ಹೇಳಿದಳು ಗೊತ್ತಲ್ಲ? ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು. ಇಡೀ ಹಾಡಿನಲ್ಲಿ ನನಗೆ ಹೆಚ್ಚು ನಡುಕ ಹುಟ್ಟಿಸುವುದು ಕೆರೆಯ ನೀರಲ್ಲ, ಈ ಮಾತು. ಪ್ರೀತಿಯಿಂದಲೇ ಹೇಳಿದ್ದಾಳೆ. ಅವಳ ಮನೆಯಲ್ಲಿ ಅವಳಿಗೂ ಯಾರೋ ಇದನ್ನೇ ಹೇಳಿಕೊಟ್ಟಿರುತ್ತಾರೆ.

ಬಲಿಯ ದಿನ ಮನೆಯಲ್ಲಿ ಅಡುಗೆಗೆ ಕೂತಾಗ ಅವಳ ಕಣ್ಣಲ್ಲಿ ನೀರು. ಯಾಕೆ ಅಂತ ಕೇಳಿದರೆ ಬೇಳೆಯೊಳಗಿನ ಹರಳು ಹಾರಿ ಕಣ್ಣಿಗೆ ಬಿತ್ತು ಅನ್ನುತ್ತಾಳೆ. ಕೇಳಿದವರಿಗೂ ಕಾರಣ ಗೊತ್ತು. ಆಮೇಲೆ ಎಲ್ಲರೂ ಸೇರಿ ಕೆರೆಗೆ ಹೋಗಿ ಗಂಗೆಯ ಪೂಜೆ ಮಾಡಿ, ಉಂಡು, ವಾಪಸ್ ಹೊರಡುತ್ತಾರೆ. ಬಂಗಾರದ ಬಟ್ಟಲು ಮರೆತು ಬಂದಿದ್ದೇವೆ, ಯಾರು ತರುತ್ತಾರೆ? ನೀ ಹೋಗು, ನೀ ಹೋಗು ಅಂತ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಕಿರಿಯ ಸೊಸೆ ಹೋಗುತ್ತಾಳೆ. ಒಂದೊಂದೇ ಮೆಟ್ಟಿಲಿಗೆ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ ಬರುತ್ತದೆ. ಐದನೆಯ ಮೆಟ್ಟಿಲಿಗೆ ಕೆರೆ ತುಂಬಿ ತುಳುಕುತ್ತದೆ. ಯಾರೂ ಅವಳನ್ನು ನೂಕಲಿಲ್ಲ. ಬಟ್ಟಲು ಮರೆತದ್ದು ಯಾರು ಅಂತ ಹಾಡು ಹೇಳುವುದಿಲ್ಲ.

ಈ ಬಟ್ಟಲಿಗೆ ಒಂದು ಜೋಡಿ ಇದೆ, ಗ್ರೀಸ್ ದೇಶದಲ್ಲಿ. ಅಲ್ಲಿ ಆರ್ತಾ ಅನ್ನುವ ಊರಿದೆ, ಅಲ್ಲೊಂದು ಹಳೆಯ ಕಲ್ಲಿನ ಸೇತುವೆ ಇದೆ. ಆ ಸೇತುವೆಯ ಹಾಡು ಹೀಗೆ. ಹಗಲೆಲ್ಲ ಕಟ್ಟಿದ್ದು ರಾತ್ರಿ ಕುಸಿಯುತ್ತಿತ್ತು. ಒಂದು ಹಕ್ಕಿ ಬಂದು, ಮುಖ್ಯ ಮೇಸ್ತ್ರಿಯ ಹೆಂಡತಿಯನ್ನು ಕೊಟ್ಟರೆ ಮಾತ್ರ ನಿಲ್ಲುತ್ತದೆ ಅಂದಿತು. ಅವಳನ್ನು ಕರೆಸಿದರು. ಮೇಸ್ತ್ರಿಯ ಉಂಗುರ ಬುನಾದಿಯೊಳಗೆ ಬಿದ್ದಿದೆ, ಯಾರು ತರುತ್ತಾರೆ ಅಂದರು. ಅವಳು ಇಳಿದಳು. ಮೇಲಿಂದ ಗಾರೆ ಸುರಿದರು, ಕಲ್ಲು ಹಾಕಿದರು. ಅವಳು ಒಳಗಿಂದ ಶಾಪ ಹಾಕುತ್ತಾಳೆ: ನನ್ನ ಎದೆ ನಡುಗಿದ ಹಾಗೆ ಸೇತುವೆ ನಡುಗಲಿ, ನನ್ನ ಕೂದಲು ಉದುರಿದ ಹಾಗೆ ದಾಟುವವರು ಉದುರಲಿ. ಆಗ ಯಾರೋ ನೆನಪಿಸುತ್ತಾರೆ, ನಿನ್ನ ತಮ್ಮ ಪರದೇಶದಲ್ಲಿದ್ದಾನೆ, ಒಂದು ದಿನ ಇದೇ ಸೇತುವೆ ದಾಟಿ ಬರುತ್ತಾನೆ. ಅವಳು ಶಾಪ ಬದಲಿಸುತ್ತಾಳೆ: ಬೆಟ್ಟ ನಡುಗಿದರೆ ಮಾತ್ರ ಸೇತುವೆ ನಡುಗಲಿ. ತನ್ನನ್ನು ಹೂಳುತ್ತಿರುವ ಸೇತುವೆಯನ್ನು ತಮ್ಮನಿಗೋಸ್ಕರ ಗಟ್ಟಿ ಮಾಡಿ ಸಾಯುತ್ತಾಳೆ. ನಮ್ಮ ಗರತಿಯ ಹಾಡುಗಳಲ್ಲಿ ತವರಿನ ಅಣ್ಣ ತಮ್ಮಂದಿರ ಬಗ್ಗೆ ಎಷ್ಟು ಪದ ಇವೆ! ಅವನ್ನು ಹಾಡಿದವರಿಗೆ ಈ ಗ್ರೀಕ್ ಹೆಂಗಸನ್ನು ಯಾರೂ ಪರಿಚಯ ಮಾಡಿಕೊಡಬೇಕಿಲ್ಲ.

ಸರ್ಬಿಯಾದ ಹಾಡಿನಲ್ಲಿ ಇದೇ ಕತೆ ಸ್ಕದರ್ ಕೋಟೆಯದ್ದು. ಕಟ್ಟುವವರು ಮೂವರು ಅಣ್ಣತಮ್ಮಂದಿರು. ನಾಳೆ ಬುತ್ತಿ ತರುವವಳು ಯಾರೋ ಅವಳೇ ಬಲಿ, ಹೆಂಡತಿಗೆ ಸುಳಿವು ಕೊಡಬಾರದು ಅಂತ ಮೂವರೂ ಆಣೆ ಮಾಡುತ್ತಾರೆ. ಹಿರಿಯರಿಬ್ಬರು ರಾತ್ರಿಯೇ ಹೆಂಡತಿಯರ ಕಿವಿಯಲ್ಲಿ ಊದುತ್ತಾರೆ. ಮಾತು ಉಳಿಸಿಕೊಂಡ ಕಿರಿಯವನ ಹೆಂಡತಿ ಬುತ್ತಿ ತರುತ್ತಾಳೆ. ಅಲ್ಲೂ ಕಿರಿಯ ಸೊಸೆಯೇ! ಗೋಡೆ ಏರುವಾಗ ಅವಳು ಕೇಳಿಕೊಳ್ಳುವುದು ಒಂದೇ, ಎದೆಯ ಹತ್ತಿರ ಕಿಂಡಿ ಬಿಡಿ, ಮಗುವಿಗೆ ಹಾಲು ಕುಡಿಸಬೇಕು. ಈ ಮೂವರಲ್ಲಿ ಹಿರಿಯರಿಬ್ಬರು ನಿಜವಾಗಿ ಇತಿಹಾಸದಲ್ಲಿ ಇದ್ದವರು. ವುಕಾಶಿನ್ ಮತ್ತು ಉಗ್ಲೇಶಾ, 1371ರಲ್ಲಿ ಮರಿತ್ಸಾ ನದಿಯ ಬಳಿ ಒಟ್ಟೊಮನ್ನರ ಜೊತೆ ನಡೆದ ಯುದ್ಧದಲ್ಲಿ ಸತ್ತರು. ಯುದ್ಧದಲ್ಲಿ ಸತ್ತ ರಾಜರನ್ನು ಜನ ವೀರರೆಂದು ಹಾಡಿ ಸುಮ್ಮನಾಗಬಹುದಿತ್ತು. ಈ ಹಾಡು ಮಾತ್ರ ಅವರನ್ನು ಆಣೆ ಮುರಿದವರನ್ನಾಗಿ ನೆನಪಿಟ್ಟುಕೊಂಡಿದೆ. ರೊಮೇನಿಯಾದಲ್ಲಿ ಇದೇ ಹೆಂಗಸು ಕುರ್ತೆಯಾ ದೆ ಆರ್ಜೆಶ್ ಅನ್ನುವ ಕಡೆ ಮಠದ ಚರ್ಚಿನ ಗೋಡೆಯಲ್ಲಿದ್ದಾಳೆ. ದೇವರ ಮನೆಗೇ ಬಲಿ.

ಕತೆ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವ ಜಗಳ ಪಂಡಿತರಿಗಿರಲಿ. ನಮಗೆ ನಮ್ಮ ಊರಿನದೇ ಒಂದು ಕತೆ ಇದೆ. ನಮ್ಮ ಊರು ಅಂದರೆ ಮುಂಬಯಿ.

ಹಾಜಿ ಅಲಿ ಮುಂದಿನ ಲಾಲಾ ಲಜಪತರಾಯ್ ಮಾರ್ಗದಲ್ಲಿ ಎಲ್ಲರೂ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತೀರಿ. ಆ ರಸ್ತೆ ಮೊದಲು ಒಂದು ಒಡ್ಡು. ಹಾರ್ನ್‌ಬಿ ವೆಲ್ಲಾರ್ಡ್ ಅಂತ ಹೆಸರು. ಮುಂಬಯಿ ಏಳು ದ್ವೀಪ ಆಗಿದ್ದಾಗ ಅಲ್ಲಿಂದ ಸಮುದ್ರ ಒಳಗೆ ನುಗ್ಗಿ ತಗ್ಗು ಜಾಗವನ್ನೆಲ್ಲ ಮುಳುಗಿಸುತ್ತಿತ್ತು. 18ನೆಯ ಶತಮಾನದ ಕೊನೆಯ ಭಾಗದಲ್ಲಿ, ವಿಲಿಯಂ ಹಾರ್ನ್‌ಬಿ ಗವರ್ನರ್ ಆಗಿದ್ದಾಗ, ಅದನ್ನು ಮುಚ್ಚಲು ಕೈ ಹಾಕಿದರು. ಕಟ್ಟಿದ್ದು ಮತ್ತೆ ಮತ್ತೆ ಕುಸಿಯಿತು ಅನ್ನುತ್ತದೆ ಕತೆ. ಇಲ್ಲಿಯವರೆಗೆ ಕಲ್ಲನಕೇರಿ, ಆರ್ತಾ, ಸ್ಕದರ್ ಎಲ್ಲ ಒಂದೇ. ಮುಂದೆ ದಾರಿ ಬದಲಾಗುತ್ತದೆ. ಕೆಲಸ ನೋಡಿಕೊಳ್ಳುತ್ತಿದ್ದ ರಾಮಜಿ ಶಿವಜಿ ಪ್ರಭು ಅನ್ನುವವರ ಕನಸಿನಲ್ಲಿ ದೇವಿ ಬಂದಳು. ನಾವು ಸಮುದ್ರದ ತಳದಲ್ಲಿದ್ದೇವೆ, ಮೊದಲು ನಮ್ಮನ್ನು ಮೇಲೆತ್ತಿ ಅಂದಳು. ಬಲೆ ಹಾಕಿ ಮೂರ್ತಿಗಳನ್ನು ತೆಗೆದರು. ಒಡ್ಡು ನಿಂತಿತು. ಆ ಮೂರ್ತಿಗಳಿಗಾಗಿ ಮಹಾಲಕ್ಷ್ಮಿ ಗುಡಿ ಆಯಿತು.

ಎಷ್ಟು ಸ್ವಚ್ಛ ಕತೆ ಅಲ್ವಾ? ಯಾರೂ ಸಾಯಲಿಲ್ಲ. ನೀರು ಕೇಳಿದ್ದು ಸೊಸೆಯನ್ನಲ್ಲ, ಗುಡಿಯನ್ನು. ನನಗೂ ಈ ಕತೆ ಇಷ್ಟ, ಮಹಾಲಕ್ಷ್ಮಿಗೆ ನಾನೂ ಹೋಗುತ್ತೇನೆ. ಆದರೆ ಕತೆ ಬರೆಯುವವರಾದರೆ ಒಂದು ಕಡೆ ನಿಲ್ಲಬೇಕು. ಗವರ್ನರ್ ಹೆಸರಿದೆ, ಕನಸು ಕಂಡವರ ಹೆಸರಿದೆ, ದೇವಿಯರ ಹೆಸರಿದೆ. ಸಮುದ್ರದೊಳಗೆ ನಿಂತು ಕಲ್ಲು ಹಾಕಿದವರ ಹೆಸರು ಒಂದೂ ಇಲ್ಲ. ಈ ಕತೆಯನ್ನು ಯಾರಾದರೂ ಕಪ್ಪಾಗಿ ಮತ್ತೆ ಹೇಳುವುದಾದರೆ ಭೂತ ತರಬೇಡಿ. ಆ ಒಡ್ಡಿನ ಕೆಲಸದ ಒಂದು ಮಧ್ಯಾಹ್ನ ತನ್ನಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಜನಪದ, ಇತಿಹಾಸ, ದೈವಕತೆ ಈ ಮೂರೂ ಕೂಡುವ ಕಡೆ ಒಂದು ವ್ಯವಹಾರ ನಡೆಯುತ್ತದೆ. ಊರಿನ ಒಳಿತಿಗೆ ಅಂತ ಒಬ್ಬಳನ್ನು ಕೊಡುತ್ತಾರೆ. ಆಮೇಲೆ ಅವಳನ್ನು ದೇವಿ ಮಾಡುತ್ತಾರೆ. ನಮ್ಮ ಕಡೆಯ ಎಷ್ಟೋ ಕೆರೆ ಏರಿಗಳ ಮೇಲೆ ಹೀಗೆ ಕೊಟ್ಟವಳಿಗೊಂದು ಗುಡಿ ಇದೆ. ವರ್ಷಕ್ಕೊಮ್ಮೆ ಬಾಗಿನ, ಉಡಿ ತುಂಬುವುದು, ಸೀರೆ. ಕೊಂದವರ ಮನೆಯವರು ಭಕ್ತರಾಗುತ್ತಾರೆ. ಲೆಕ್ಕ ಚುಕ್ತಾ. ಗುಡಿ ಕಟ್ಟಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಕೈ ಮುಗಿಯುವ ಹೆಂಗಸರಿಗೆ ಅವಳ ನೋವು ಗೊತ್ತು, ಬಹುಶಃ ಅದಕ್ಕೇ ಮುಗಿಯುತ್ತಾರೆ. ಆದರೆ ಕತೆ ಮರುಹೇಳುವವನು ಗುಡಿಯ ಬಾಗಿಲಿಗೆ ಬೇಗ ಬೇಗ ಓಡಿ ಹೋದರೆ, ನಡುವಿನ ಆ ಊಟ, ಆ ಬಟ್ಟಲು, ಆ ಗೆಳತಿಯ ಮಾತು ಎಲ್ಲ ಮಾಫಿ ಆಗಿ ಹೋಗುತ್ತವೆ. 'ಕೆರೆಗೆ ಹಾರ'ದ ದೊಡ್ಡತನ ನೋಡಿ, ಅದು ಭಾಗೀರಥಿಯನ್ನು ದೇವಿ ಮಾಡುವುದಿಲ್ಲ. ಗಂಡ ಕುದುರೆ ಏರಿ ಬರುತ್ತಾನೆ. ಅವಳೆಲ್ಲಿ ಅಂದರೆ ತವರಿಗೆ ಹೋಗಿದ್ದಾಳೆ ಅನ್ನುತ್ತಾರೆ. ತವರಲ್ಲಿ ಗೆಳತಿಯ ಮನೆ ತೋರಿಸುತ್ತಾರೆ. ಗೆಳತಿ ನಿಜ ಹೇಳುತ್ತಾಳೆ. ಅವನು ಹೋಗಿ ಅದೇ ಕೆರೆಗೆ ಹಾರುತ್ತಾನೆ. ಹಾಡು ಅಲ್ಲಿಗೆ ಮುಗಿಯುತ್ತದೆ. ಬಾಗಿನ ಇಲ್ಲ, ಹರಕೆ ಇಲ್ಲ.

ಹಾಗಂತ ದೈವ ಆದರೆಲ್ಲ ಮಾಫಿ ಅಂತಲೂ ಅಲ್ಲ. ಇದಕ್ಕೆ ತುಳುನಾಡಿನವರು ಸಾಕ್ಷಿ. ಮುಂಬಯಿಯಲ್ಲಿ ಹೋಟೆಲು, ಬ್ಯಾಂಕು, ಬಂದರು ಅಂತ ದುಡಿದ ನಿಮ್ಮಲ್ಲಿ ಎಷ್ಟೋ ಜನ ದೈವದ ನೇಮಕ್ಕೆ ಅಂತ ರಜೆ ಹಾಕಿ ಊರಿಗೆ ಹೋಗುವವರು. ಕಲ್ಕುಡ ಕಲ್ಲುರ್ಟಿ ನಿಮಗೆ ನಾನು ಹೇಳಬೇಕಾದ ಕತೆಯಲ್ಲ. ಉಳಿದವರಿಗಾಗಿ ಹೇಳುತ್ತೇನೆ.

ಕಾರ್ಕಳದ ಬಂಡೆಯ ಮೇಲೆ ಸುಮಾರು 42 ಅಡಿಯ ಗೊಮ್ಮಟ ನಿಂತಿದ್ದಾನೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು. ದೈವಗಳ ಕತೆ ಹೇಳುವ ತುಳು ಹಾಡು ಪಾಡ್ದನ. ಅದರ ಪ್ರಕಾರ ಗೊಮ್ಮಟನನ್ನು ಕೆತ್ತಿದವನು ಬೀರ ಕಲ್ಕುಡ. ಕೆಲಸ ಮುಗಿದ ಮೇಲೆ ಅರಸ ಅವನಿಗೆ ಉಡುಗೊರೆ ಕೊಡುವ ಬದಲು ಎಡಗೈ ಬಲಗಾಲು ಕಡಿಸಿದ. ಇಂಥದ್ದು ಇನ್ನೊಂದು ಊರಲ್ಲಿ ಏಳಬಾರದು ಅಂತ. ಬೀರ ಅದೇ ಒಂದು ಕೈ ಒಂದು ಕಾಲಿನಲ್ಲಿ ವೇಣೂರಿಗೆ ಹೋಗಿ ಅಲ್ಲಿ ಇನ್ನೊಂದು ಗೊಮ್ಮಟ ಕೆತ್ತಿದ. ತಂಗಿ ಕಲ್ಲುರ್ಟಿ ಅಣ್ಣನನ್ನು ಹುಡುಕಿಕೊಂಡು ಬಂದಳು. ನೋಡಿದಳು. ಅಣ್ಣ ತಂಗಿ ಇಬ್ಬರೂ ಮಾಯಕ ಸೇರಿ, ಅಂದರೆ ಈ ಲೋಕದಿಂದ ಮರೆಯಾಗಿ, ದೈವಗಳಾದರು. ಆಮೇಲೆ ಅರಸನಿಗೆ, ಅವನ ಊರಿಗೆ ಕೊಟ್ಟ ಕಾಟ ಒಂದೆರಡಲ್ಲ.

ಇದು 1890ರ ದಶಕದಲ್ಲೇ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಬರ್ನೆಲ್ ಅನ್ನುವ ಅಧಿಕಾರಿ ಸೇರಿಸಿಟ್ಟ ತುಳು ಪಾಡ್ದನಗಳ ಜೊತೆ. ಆದರೆ ಅಚ್ಚಿನಲ್ಲಿ ಓದುವುದೇ ಬೇರೆ, ಕೋಲದಲ್ಲಿ ಕೇಳುವುದೇ ಬೇರೆ. ದೈವ ಕಟ್ಟಿದವರು ನಿಂತು ಹೇಳುವಾಗ ಆ ಅನ್ಯಾಯ ನಿನ್ನೆ ಮೊನ್ನೆ ಆದ ಹಾಗೆ ಇರುತ್ತದೆ. ಇಲ್ಲಿ ಸತ್ತವರು ದೈವ ಆದರು ನಿಜ, ಕೊಂದವರ ಲೆಕ್ಕ ಮಾತ್ರ ಮುಗಿಯಲಿಲ್ಲ. ಪ್ರತಿ ವರ್ಷ ಕತೆಯನ್ನು ಮೊದಲಿಂದ ಕೇಳಬೇಕು. ದೊಡ್ಡ ಮನೆಯವರೂ ಕೈ ಕಟ್ಟಿ ನಿಂತು ಕೇಳಬೇಕು. ಕತ್ತಲ ಕತೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ಗೋವಾದಲ್ಲಿ ಇನ್ನೊಂದು ಥರ. ಶಿರಗಾಂವ್‌ನ ಲೈರಾಯಿ ದೇವಿ ಸಿಟ್ಟಿನಲ್ಲಿ ತಮ್ಮ ಖೇತೋಬನನ್ನು ಒದ್ದಳಂತೆ. ಆ ತಪ್ಪಿಗೆ ಪ್ರಾಯಶ್ಚಿತ್ತ ಅಂತ ತಾನೇ ಕೆಂಡ ಹಾಯುತ್ತೇನೆ ಅಂದಳಂತೆ. ಇವತ್ತಿಗೂ ಜಾತ್ರೆಯಲ್ಲಿ ಧೊಂಡರು, ಅಂದರೆ ವ್ರತ ಹಿಡಿದ ಅವಳ ಭಕ್ತರು, ಕೆಂಡ ಹಾಯುತ್ತಾರೆ. ದೇವಿಯೇ ತಪ್ಪು ಮಾಡಿದಳು, ದೇವಿಯೇ ಸುಟ್ಟುಕೊಂಡಳು. ಅವಳ ಅಕ್ಕತಂಗಿಯರಲ್ಲಿ ಒಬ್ಬಳು, ಮೀರಾಬಾಯಿ, ಮಾಪ್ಸಾದ ಚರ್ಚಿನ ಮಿಲಾಗ್ರಿಸ್ ಸಾಯಬೀಣ್, ಅಂದರೆ ಮೇರಿ ಮಾತೆ, ಆದಳು ಅಂತ ಜನ ನಂಬುತ್ತಾರೆ. ಮಾತೆಯ ಹಬ್ಬಕ್ಕೆ ಹಿಂದೂಗಳೂ ಎಣ್ಣೆ ಹಿಡಿದು ಹೋಗುತ್ತಾರೆ. 1560ರಿಂದ 1812ರವರೆಗೆ ಪೋರ್ಚುಗೀಸರ ಇನ್‌ಕ್ವಿಸಿಶನ್, ಅಂದರೆ ಚರ್ಚಿನ ಧರ್ಮ ವಿಚಾರಣೆ, ನಡೆದ ನಾಡು ಅದು. ಎಷ್ಟು ಮನೆ ಒಡೆದಿರಬೇಕು! ಆ ಒಡಕನ್ನು ಜನ ಅಕ್ಕತಂಗಿಯರ ಕತೆಯಾಗಿ ಇಟ್ಟುಕೊಂಡರು. ಈ ಬಗ್ಗೆ ಹೇಳುತ್ತಾ ಹೋದರೆ ಇನ್ನೊಂದು ಸಂಜೆ ಬೇಕು, ಇಲ್ಲಿಗೆ ಬಿಡುತ್ತೇನೆ.

ಮರುಹೇಳುವವರ ಇನ್ನೊಂದು ಚಾಳಿ ಇದೆ. ತಪ್ಪನ್ನು ಒಬ್ಬರ ತಲೆಯಿಂದ ತೆಗೆದು ಇನ್ನೊಬ್ಬರ ತಲೆಗೆ ಹಾಕುವುದು. ಗ್ರಿಮ್ ಸಹೋದರರ 1812ರ ಮೊದಲ ಮುದ್ರಣದಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. 1819ರ ಹೊತ್ತಿಗೆ ಅವಳು ಮಲತಾಯಿ ಆದಳು. ಹ್ಯಾನ್ಸೆಲ್ ಗ್ರೆಟೆಲ್‌ರನ್ನು ಕಾಡಿಗೆ ಬಿಟ್ಟು ಬರೋಣ ಅಂದವಳೂ ಮೊದಲು ಹೆತ್ತ ತಾಯಿಯೇ, 1840ರ ಮುದ್ರಣದಲ್ಲಿ ಮಲತಾಯಿ. ಹೊಟ್ಟೆಗಿಲ್ಲದ ಮನೆಯಲ್ಲಿ ಹೆತ್ತವರೇ ಮಕ್ಕಳನ್ನು ಬಿಟ್ಟು ಬಂದರು ಅನ್ನುವ ಕತೆ, ಕೆಟ್ಟ ಹೆಂಗಸೊಬ್ಬಳ ಕತೆ ಆಗಿಹೋಯಿತು. ಇದೇ ಯಾಕೋಬ್ ಗ್ರಿಮ್ ಸ್ಕದರ್ ಹಾಡನ್ನು ಜರ್ಮನ್ನಿಗೆ ಅನುವಾದ ಮಾಡಿದ್ದಾನೆ. ಕತ್ತಲೆಯನ್ನು ಕಂಡು ಓಡುವವನೇನೂ ಅಲ್ಲ. ಆದರೆ ಮಕ್ಕಳ ಪುಸ್ತಕ ಮಾರಾಟ ಆಗಬೇಕಲ್ಲ.

ನಮ್ಮ ಪಕ್ಕದ ಪುಣೆಯನ್ನೇ ತೆಗೆದುಕೊಳ್ಳಿ. 1773ರ ಆಗಸ್ಟ್ 30, ಗಣಪತಿ ಹಬ್ಬದ ದಿನಗಳು. ಶನಿವಾರವಾಡೆಯೊಳಗೆ 18 ವರ್ಷದ ಪೇಶ್ವೆ ನಾರಾಯಣರಾವ್‌ನನ್ನು ಕಾವಲಿನ ಗಾರ್ದಿ ಸಿಪಾಯಿಗಳು ಕಡಿದು ಹಾಕಿದರು. ಹುಡುಗ ಚಿಕ್ಕಪ್ಪ ರಘುನಾಥರಾವ್ ಹತ್ತಿರ ಓಡಿದ. ಹುಣ್ಣಿಮೆ ರಾತ್ರಿ ಇವತ್ತಿಗೂ 'ಕಾಕಾ ಮಲಾ ವಾಚವಾ', ಚಿಕ್ಕಪ್ಪ ನನ್ನನ್ನು ಉಳಿಸಿ, ಅನ್ನುವ ಕೂಗು ಕೇಳುತ್ತದಂತೆ. ಕಾಲೇಜು ಹುಡುಗರು ಗೋಡೆಯ ಹೊರಗೆ ಕಾದು ನಿಲ್ಲುತ್ತಾರೆ. ವಿಚಾರಣೆ ಮಾಡಿದ ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ರಘುನಾಥರಾವ್‌ನನ್ನೇ ಹೊಣೆ ಮಾಡಿದರು. ಕತೆ ಮಾತ್ರ ಏನು ಹೇಳುತ್ತದೆ? ಚಿಕ್ಕಪ್ಪ ಹಿಡಿಯಿರಿ ಅಂತ ಬರೆದಿದ್ದ, ಅವನ ಹೆಂಡತಿ ಆನಂದೀಬಾಯಿ ಮರಾಠಿಯ 'ಧ'ವನ್ನು 'ಮ' ಮಾಡಿ, ಒಂದೇ ಅಕ್ಷರ ತಿದ್ದಿ ಕೊಲ್ಲಿರಿ ಅಂತ ಮಾಡಿದಳು. ಮರಾಠಿಯಲ್ಲಿ ಅದು ಗಾದೆಯೇ ಆಗಿದೆ. ನೋಡಿ, ಹೊಣೆ ಎಷ್ಟು ಸಲೀಸಾಗಿ ಗಂಡನಿಂದ ಹೆಂಡತಿಗೆ ದಾಟಿತು! ಭೂತಕ್ಕೂ ಕೂಡ ಚಿಕ್ಕಪ್ಪನೇ ಬೇಕು, ಅದು ಇನ್ನೂ ಅವನನ್ನೇ ಕರೆಯುತ್ತಿದೆ. ಆ ಮಟ್ಟಿಗೆ ಭೂತ ಪ್ರಾಮಾಣಿಕ.

ಹೆಂಗಸು ಸಿಗದಿದ್ದರೆ ಹೊರಗಿನವನು ಸಿಗುತ್ತಾನೆ. ಮುಂಬಾದೇವಿ ಕೊಂದ ಮುಂಬಾರಕ ಅನ್ನುವ ರಾಕ್ಷಸನ ಹಿಂದೆ ದೆಹಲಿಯ ಸುಲ್ತಾನ ಮುಬಾರಕ್ ಖಿಲ್ಜಿಯ ನೆನಪಿದೆ ಅಂತ ಹಳೆಯ ಇತಿಹಾಸಕಾರರು ಊಹಿಸಿದ್ದಾರೆ. ಅವನು ಆಳಿದ್ದು 1316ರಿಂದ 1320. ಇಂಥ ಕಡೆ ಬರೆಯುವವರು ಮೈಯೆಲ್ಲ ಕಣ್ಣಾಗಿರಬೇಕು. ಸತ್ತ ಸುಲ್ತಾನನನ್ನು ರಾಕ್ಷಸ ಮಾಡುವುದು ಸುಲಭ, ಅದು ಬೀದಿಗೆ ಇಳಿದರೆ ಪೆಟ್ಟು ಬೀಳುವುದು ಬದುಕಿರುವವರಿಗೆ.

ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಅನಿಸಿದರೆ ಇದನ್ನು ಕೇಳಿ. 2019ರಲ್ಲಿ ಬಾಂಗ್ಲಾದೇಶದಲ್ಲಿ ಪದ್ಮಾ ನದಿಗೆ ದೊಡ್ಡ ಸೇತುವೆ ಕಟ್ಟುತ್ತಿದ್ದರು. ಸೇತುವೆಗೆ ಮನುಷ್ಯರ ತಲೆ ಬೇಕಂತೆ, ಮಕ್ಕಳನ್ನು ಹಿಡಿಯುವವರು ಬಂದಿದ್ದಾರಂತೆ ಅಂತ ಫೇಸ್‌ಬುಕ್ಕಿನಲ್ಲಿ ಹಬ್ಬಿತು. ಅದೇ ಹಳೆ ಕತೆ, ಆರ್ತಾದ್ದು, ಕಲ್ಲನಕೇರಿಯದ್ದು. ಜುಲೈ ತಿಂಗಳಲ್ಲಿ ಜನ ಗುಂಪು ಕಟ್ಟಿ ಹೊಡೆದು ಕನಿಷ್ಠ 8 ಮಂದಿಯನ್ನು ಕೊಂದರು. ಢಾಕಾದಲ್ಲಿ ಸತ್ತವಳು ಒಬ್ಬ ತಾಯಿ. ಮಗುವನ್ನು ಸೇರಿಸುವ ಬಗ್ಗೆ ಕೇಳಲು ಶಾಲೆಗೆ ಬಂದಿದ್ದಳು. ಸತ್ತವರಲ್ಲಿ ಒಬ್ಬರೂ ಮಕ್ಕಳ ಕಳ್ಳರಲ್ಲ ಅಂತ ಪೊಲೀಸರು ಹೇಳಿದರು. ಹಾಡಿನಲ್ಲಿ ತಪ್ಪು ಒಪ್ಪಿಕೊಳ್ಳಲು ಇದ್ದ ಕತೆ, ಇಲ್ಲಿ ಕಂಡವರ ಮೇಲೆ ತಪ್ಪು ಹೊರಿಸಲು ಬಳಕೆಯಾಯಿತು. ಸೇತುವೆ 2022ರ ಜೂನ್‌ನಲ್ಲಿ ತೆರೆಯಿತು.

ಹಾಗಾದರೆ ಬರೆಯಲೇಬಾರದಾ? ಬರೆಯಬೇಕು. ಜರ್ಮನಿಯ ಹ್ಯಾಮೆಲಿನ್ ಊರಿನ ಉದಾಹರಣೆ ಕೊಡುತ್ತೇನೆ. ಕಿಂದರಿಜೋಗಿಯಾಗಿ ನಮಗೆಲ್ಲ ಗೊತ್ತಿರುವ ಕತೆ. ನಮಗೆ ಇಲಿಗಳು ಮೊದಲು ನೆನಪಾಗುತ್ತವೆ. ಆದರೆ ಹಳೆಯ ದಾಖಲೆಗಳಲ್ಲಿ ಇಲಿಗಳೇ ಇಲ್ಲ. 1284ರ ಜೂನ್ 26, ಸಂತ ಜಾನ್ ಮತ್ತು ಪಾಲ್‌ರ ಹಬ್ಬದ ದಿನ, 130 ಮಕ್ಕಳು ಕೊಳಲೂದುವವನೊಬ್ಬನ ಹಿಂದೆ ಊರು ಬಿಟ್ಟು ಹೋದರು, ಅಷ್ಟೇ ಇದೆ. ಇಲಿಗಳು ಬಂದದ್ದು 16ನೆಯ ಶತಮಾನದಲ್ಲಿ. ಮಕ್ಕಳು ಎಲ್ಲಿಗೆ ಹೋದರು? ಪೂರ್ವದ ಕಡೆ ನೆಲೆ ನಿಲ್ಲಲು ಕರೆದುಕೊಂಡು ಹೋದರು ಅನ್ನುವವರಿದ್ದಾರೆ, ರೋಗ ಅನ್ನುವವರಿದ್ದಾರೆ. ಮಕ್ಕಳು ಹೋದ ಬೀದಿ ಅಂತ ಒಂದು ಬೀದಿಯನ್ನು ತೋರಿಸುತ್ತಾರೆ, ಅಲ್ಲಿ ವಾದ್ಯ ಬಾರಿಸುವ ಹಾಗಿಲ್ಲ. ಇಲಿ ಬಂದ ಮೇಲೆ ಕತೆಗೆ ಕಾರಣ ಸಿಕ್ಕಿತು, ಕೂಲಿ ಕೊಡದ ಊರಿಗೆ ಶಿಕ್ಷೆ ಆಯಿತು. ಅದೂ ಒಳ್ಳೆಯ ಕತೆಯೇ. ಆದರೆ ಬರೀ ತಾರೀಖು, ಮಕ್ಕಳ ಸಂಖ್ಯೆ ಮತ್ತು ಒಬ್ಬ ಕೊಳಲಿನವನು ಇರುವ ಆ ಮೊದಲ ಕತೆಯನ್ನು ಯಾರಾದರೂ ಕನ್ನಡದಲ್ಲಿ ಬರೆಯಲಿ ಅಂತ ನನಗೆ ಆಸೆ.

ಬರೆಯುವ ಹುಡುಗ ಹುಡುಗಿಯರು ಇಲ್ಲಿ ಕೆಲವರಿದ್ದೀರಿ. ತುಳುನಾಡಿನ ದೈವಗಳನ್ನು ಮುಟ್ಟುವವರಿಗೆ ಒಂದು ಮಾತು. ಪಾಡ್ದನಗಳಿಗೆ ಹಾಡುವವರಿದ್ದಾರೆ, ದೈವ ಕಟ್ಟುವವರಿದ್ದಾರೆ, ನಂಬುವ ಮನೆಗಳಿವೆ. ಕಲ್ಲುರ್ಟಿಯನ್ನು ಹಾರರ್ ಕತೆಯ ಹೆಣ್ಣುದೆವ್ವ ಮಾಡಿ ಬಿಟ್ಟರೆ ಅದು ಕಪ್ಪು ಕತೆ ಆಗುವುದಿಲ್ಲ, ಸೋಮಾರಿ ಕತೆ ಆಗುತ್ತದೆ. ಅವಳ ಸಿಟ್ಟಿಗೆ ಕಾರಣ ಇದೆ. ಆ ಕಾರಣವನ್ನು ಪೂರ್ತಿ ಹೇಳುವ ತಾಳ್ಮೆ ಇದ್ದರೆ ಮಾತ್ರ ಕೈ ಹಾಕಿ.

ನನ್ನ ಮಾತು ಇಷ್ಟೆ. ಆಮೇಲೆ ಪ್ರಶ್ನೆಗಳು ಬಂದವು. ಒಬ್ಬ ಅಮ್ಮ, ಮಕ್ಕಳಿಗೆ ಇಂಥದ್ದೆಲ್ಲ ಹೇಳಬಹುದಾ ಅಂತ ಕೇಳಿದರು. ಪುಣ್ಯಕೋಟಿ ಹೇಳುತ್ತೀರಲ್ಲ, ಅದರ ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತದೆ, ಮಕ್ಕಳು ಹುಲಿಗೂ ಅಳುತ್ತಾರೆ, ಏನೂ ಆಗುವುದಿಲ್ಲ ಅಂದೆ. ಅವರಿಗೆ ಪೂರ್ತಿ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಕೊನೆಯ ಪ್ರಶ್ನೆ ಕಾರ್ಕಳದ ಕಡೆಯ ಹಿರಿಯರೊಬ್ಬರದು. ಕಲ್ಕುಡನೇ ಎರಡೂ ಮೂರ್ತಿ ಮಾಡಿದ್ದು ಅಂತ ನೀವು ಒಪ್ಪುತ್ತೀರಾ ಇಲ್ಲವಾ ಅಂತ ನೇರವಾಗಿ ಕೇಳಿದರು. ಕಾರ್ಕಳದ್ದು 1432, ವೇಣೂರಿನ ಗೊಮ್ಮಟ 1604ರಲ್ಲಿ ತಿಮ್ಮರಾಜ ಅಜಿಲ ನಿಲ್ಲಿಸಿದ್ದು, ನಡುವೆ 172 ವರ್ಷ ಇದೆ, ಒಬ್ಬನೇ ಮಾಡಿರಲು ಸಾಧ್ಯವಿಲ್ಲ ಅಂತ ನಾನು ಹೇಳಿದೆ. ಎರಡು ಕಾಲದ ಕಲ್ಲುಕುಟಿಗರ ಪಾಡನ್ನು ಪಾಡ್ದನ ಒಬ್ಬನ ಮೈಮೇಲೆ ಹಾಕಿರಬಹುದು ಅಂತಲೂ ಹೇಳಿದೆ. ಅವರು ತಲೆ ಅಲ್ಲಾಡಿಸಿ ಕೂತರು. ಚಹಾ ಕುಡಿಯುವಾಗ ಹತ್ತಿರ ಬಂದು ಮತ್ತೆ ಅದನ್ನೇ ಎತ್ತಿದರು. "ಸಾವಿರ ಹೇಳಿ ಮಾರಾಯ್ರೆ, ನಿಮ್ಮ ಶಾಸನದಲ್ಲಿ ನಿಲ್ಲಿಸಿದ ಅರಸನ ಹೆಸರುಂಟು. ಉಳಿ ಹಿಡಿದವನ ಹೆಸರು ಎಲ್ಲುಂಟು ಅಂತ ತೋರಿಸಿ. ಆಮೇಲೆ ನಿಮ್ಮ ತಾರೀಖು ನಾನು ಒಪ್ತೇನೆ."